ಮುಂಬೈ–ಗೋವಾ ಎರಡು ರಾತ್ರಿಯ ಕ್ರೂಸ್, ಕೈಯಲ್ಲಿರೋದು ಆರೇ ದಿನ: ಬುಕ್ ಮಾಡೋ ಮುಂಚೆ ಏನು ನೋಡಬೇಕು?

ವಾಕಡ್‌ವಾಸಿ

ನಮಸ್ಕಾರ. ಪುಣೆಯಿಂದ ಗಂಡ ಹೆಂಡತಿ ಇಬ್ಬರೇ. ಬರೋ ಶುಕ್ರವಾರ ಸಂಜೆ ಮುಂಬೈ ಬಿಟ್ಟು, ಶನಿವಾರ ಗೋವಾ ಮುಟ್ಟಿ, ಭಾನುವಾರ ಬೆಳಗ್ಗೆ ಮುಂಬೈಗೆ ಮರಳುವ ಕ್ರೂಸ್ ನೋಡ್ತಿದ್ದೀವಿ. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್‌ಗೂ ಬಾಲ್ಕನಿಗೂ ದರದಲ್ಲಿ ಅಜಗಜಾಂತರ ಇದೆ. ಎರಡೇ ರಾತ್ರಿಗೆ ಬಾಲ್ಕನಿ ಬೇಕಾ? ಹೆಂಡತಿಗೆ ಘಾಟಿಯ ಬಸ್ಸಲ್ಲೇ ವಾಂತಿ ಆಗುತ್ತೆ, ಹಡಗಲ್ಲಿ ಹೇಗೆ? ಅವಳ ಆಧಾರ್‌ನಲ್ಲಿ ಮದುವೆಗೆ ಮುಂಚಿನ ಹೆಸರೇ ಇದೆ, ತೊಂದರೆ ಆಗುತ್ತಾ? ಪುಣೆಯಿಂದ ಅದೇ ದಿನ ಹೊರಟರೆ ಸಾಕಾ, ಗುರುವಾರವೇ ಹೋಗಿ ಉಳಿಯಬೇಕಾ? ಲಕ್ಷದ್ವೀಪದ ಟ್ರಿಪ್ಪೂ ಪಟ್ಟಿಯಲ್ಲಿ ಕಾಣ್ತಿದೆ, ಅದು ಈ ಅವಸರಕ್ಕೆ ಆಗೋ ಮಾತಾ?

ಮಾಟುಂಗಾ ಶೆಟ್ರು

ಲಕ್ಷದ್ವೀಪ ಈ ಸಲ ಬಿಟ್ಟುಬಿಡಿ ಮಾರಾಯ್ರೆ. ಅಲ್ಲಿಗೆ ಹೊರಗಿನವರಿಗೆ ಪ್ರವೇಶದ ಪರ್ಮಿಟ್ ಬೇಕು, ಆರು ದಿನದಲ್ಲಿ ಅದರ ಹಿಂದೆ ಓಡುವುದು ಬೇಡದ ತಲೆನೋವು. ಮತ್ತೆ ದೊಡ್ಡ ಹಡಗು ಅಲ್ಲಿ ದಡಕ್ಕೆ ತಾಗುವುದಿಲ್ಲ, ದೂರದಲ್ಲಿ ನಿಂತು ಸಣ್ಣ ದೋಣಿಯಲ್ಲಿ ಜನರನ್ನು ಇಳಿಸುತ್ತಾರೆ. ಅಲೆ ಜೋರಿದ್ದರೆ ಇಳಿಸುವುದೇ ಇಲ್ಲ, ದ್ವೀಪವನ್ನು ರೇಲಿಂಗ್ ಹಿಡಿದು ನೋಡಿ ಬರಬೇಕು.

ಮೊದಲು ಹೆಸರಿನ ವಿಷಯ ಮುಗಿಸಿ. ಮದುವೆಗೆ ಮುಂಚಿನ ಹೆಸರಾದರೆ ತೊಂದರೆ ಏನಿಲ್ಲ, ಆದರೆ ಬುಕಿಂಗ್ ಕೂಡ ಅದೇ ಹೆಸರಲ್ಲಿ ಆಗಬೇಕು. ನಮ್ಮ ಕಡೆಯವರಿಗೆ ಎಡವಟ್ಟಾಗುವುದು ಇನಿಶಿಯಲ್‌ನಲ್ಲಿ. ಫಾರ್ಮ್‌ನಲ್ಲಿ ಅಡ್ಡಹೆಸರು ಕಡ್ಡಾಯ, ಆಧಾರ್‌ನಲ್ಲಿ ಬರೀ ಹೆಸರಿನ ಜೊತೆ ‘ಕೆ ಎಸ್’. ಆಗ ಊರಿನ ಹೆಸರು, ಅಪ್ಪನ ಹೆಸರು ತುಂಬಿಸಿ ಬಿಡಿಸಿ ಬರೆಯಬೇಡಿ. ಕಾರ್ಡಲ್ಲಿ ಇದ್ದದ್ದು ಇದ್ದ ಹಾಗೆ, ಅಡ್ಡಹೆಸರಿನ ಜಾಗಕ್ಕೆ ಅದೇ ಇನಿಶಿಯಲ್. ಏಜೆಂಟ್ ಮೂಲಕ ಮಾಡಿಸಿದರೆ ಟಿಕೆಟ್ ಬಂದ ಕೂಡಲೇ ಇದೊಂದನ್ನು ತೆಗೆದು ನೋಡಿ. ಗೇಟಿನ ಹತ್ತಿರ ಮೂಲ ಕಾರ್ಡೇ ತೋರಿಸಬೇಕು: ಆಧಾರ್, ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಯಾವುದಾದರೂ ಒಂದು. ಪ್ಯಾನ್ ಕಾರ್ಡ್ ನಂಬಿಕೊಂಡು ಬರಬೇಡಿ, ಅದರಲ್ಲಿ ವಿಳಾಸ ಇಲ್ಲ.

ಇನ್ನು ದರ. ಪರದೆ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ಒಬ್ಬರ ದರ, ಅದೂ ಇಬ್ಬರು ಒಂದೇ ಕ್ಯಾಬಿನ್‌ನಲ್ಲಿದ್ದಾರೆ ಅಂತ ಹಿಡಿದು. ಅದನ್ನು ಎರಡರಿಂದ ಗುಣಿಸಿ, ಬಂದರು ಶುಲ್ಕ ಸೇರಿಸಿ, ಸರ್ವಿಸ್ ಚಾರ್ಜ್ ಸೇರಿಸಿ, ಮೇಲೆ ಜಿಎಸ್‌ಟಿ ಹಾಕಿ. ಬುಕಿಂಗಿನ ಕೊನೆಯ ಪುಟಕ್ಕೆ ಹೋಗದೆ ಎರಡು ಏಜೆಂಟರ ದರ ಹೋಲಿಸುವುದರಲ್ಲಿ ಅರ್ಥವೇ ಇಲ್ಲ. ಊಟ, ತಿಂಡಿ, ಈಜುಕೊಳ, ಸಾಮಾನ್ಯ ಶೋಗಳು ಟಿಕೆಟ್ಟಿನಲ್ಲೇ ಬರುತ್ತವೆ. ಬಾರು, ವೈಫೈ, ಸ್ಪಾ, ದುಡ್ಡು ಕೊಟ್ಟು ಉಣ್ಣುವ ರೆಸ್ಟೋರೆಂಟು, ಗೋವಾದ ಬಸ್ ಟೂರು ಎಲ್ಲ ಬೇರೆ. ಒಳಗೆ ಖರ್ಚು ಹತ್ತುವುದು ಬೋರ್ಡಿಂಗ್ ಕಾರ್ಡಿನ ಮೇಲೆ, ಕೈಯಿಂದ ನೋಟು ಹೋಗುವುದಿಲ್ಲ, ಹಾಗಾಗಿ ಎಷ್ಟಾಯಿತು ಅಂತ ಗೊತ್ತೇ ಆಗುವುದಿಲ್ಲ. ಶನಿವಾರ ರಾತ್ರಿಯೇ ಕೌಂಟರ್‌ನಲ್ಲಿ ಬಿಲ್ ತೆಗೆಸಿ ನೋಡಿ. ಭಾನುವಾರ ಬೆಳಗ್ಗೆ ಅಲ್ಲಿ ಜಾತ್ರೆ.

ಕೊನೆಯ ವಾರದಲ್ಲಿ ದರ ಇಳಿದೇ ಇಳಿಯುತ್ತದೆ ಅನ್ನುವುದು ಶುಕ್ರವಾರದ ಟ್ರಿಪ್ಪಿಗೆ ನಡೆಯುವುದಿಲ್ಲ. ವಾರದ ನಡುವೆ ಹೊರಡುವುದು ಖಾಲಿ ಇದ್ದರೆ ಇಳಿಸುತ್ತಾರೆ. ಸೋಮವಾರ–ಬುಧವಾರ ರಜೆ ಸಿಗುವ ಹಾಗಿದ್ದರೆ ಅದನ್ನೂ ಒಮ್ಮೆ ನೋಡಿ. ಇಷ್ಟು ಹತ್ತಿರ ಬುಕ್ ಮಾಡಿ ರದ್ದು ಮಾಡಿದರೆ ಸಾಮಾನ್ಯವಾಗಿ ಬಿಡಿಗಾಸೂ ಮರಳುವುದಿಲ್ಲ. ರಜೆ ಮಂಜೂರಾದ ಮೇಲೆಯೇ ದುಡ್ಡು ಕಟ್ಟಿ.

ಕ್ಯಾಬಿನ್ ಬಗ್ಗೆ ನನ್ನ ಲೆಕ್ಕ ಇಷ್ಟೇ. ಈ ದಾರಿಯಲ್ಲಿ ಓಡುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ 1990ರಲ್ಲಿ ಕಟ್ಟಿದ ಹಡಗು, ಉದ್ದ ಸುಮಾರು 211 ಮೀಟರ್. ಆ ಕಾಲದ ಹಡಗಿನಲ್ಲಿ ಬಾಲ್ಕನಿ ಕ್ಯಾಬಿನ್ ಕಡಿಮೆ, ಅದಕ್ಕೇ ಅಷ್ಟು ದರ. ಒಳಗಿನ ಕ್ಯಾಬಿನ್ ಚಿಕ್ಕದು. ಎರಡು ಸೂಟ್‌ಕೇಸ್ ನೆಲದಲ್ಲಿ ತೆರೆದಿಟ್ಟರೆ ಒಬ್ಬರು ಮಂಚ ಹತ್ತಿ ಕೂರಬೇಕು. ಮಲಗಲಿಕ್ಕೆ ಮಾತ್ರ ಅಂದರೆ ಅದು ಧಾರಾಳ ಸಾಕು. ನಡುವಿನ ದಾರಿ ಕಿಟಕಿ ಇರುವ ಸೀ ವ್ಯೂ ಕ್ಯಾಬಿನ್. ಇಬ್ಬರಿಗೆ ನಾನು ಹೇಳುವುದು ಅದನ್ನೇ, ಬೆಳಗಾದದ್ದಾದರೂ ತಿಳಿಯುತ್ತದೆ. ಬುಕ್ ಮಾಡುವಾಗ ಎರಡು ಮಂಚ ಜೋಡಿಸಿಕೊಡಲು ಹೇಳಿ.

ಹಡಗಿನ ಮೆಕ್ಯಾನಿಕ್

ಶೆಟ್ರು ದರದ ಲೆಕ್ಕ ಸರಿಯಾಗಿ ಹೇಳಿದ್ದಾರೆ. ಆದರೆ ವಾಂತಿಯ ತೊಂದರೆ ಇರೋರಿಗೆ ಕ್ಯಾಬಿನ್ ಯಾವ ಥರದ್ದು ಅನ್ನೋದಕ್ಕಿಂತ ಎಲ್ಲಿದೆ ಅನ್ನೋದು ದೊಡ್ಡದು. ಹಡಗು ಮೂತಿ ಎತ್ತಿ ಇಳಿಸೋದು ಮಧ್ಯಭಾಗವನ್ನು ಆಧಾರ ಮಾಡಿಕೊಂಡು, ಹಾಗಾಗಿ ಮುಂದಿನ ತುದಿ ಹಿಂದಿನ ತುದಿ ಹೆಚ್ಚು ಏರಿಳಿಯುತ್ತವೆ, ನಡುಭಾಗ ಕಡಿಮೆ. ಅಡ್ಡಕ್ಕೆ ಓಲಾಡೋದು ಮೇಲಿನ ಡೆಕ್‌ನಲ್ಲಿ ಜಾಸ್ತಿ, ಕೆಳಗೆ ಕಡಿಮೆ. ಇಬ್ಬದಿಯಲ್ಲಿ ನೀರೊಳಗೆ ಇರುವ ಸ್ಟೆಬಿಲೈಸರ್ ರೆಕ್ಕೆಗಳು ಈ ಅಡ್ಡ ಓಲಾಟವನ್ನು ತಗ್ಗಿಸುತ್ತವೆ, ಮೂತಿಯ ಏರಿಳಿತಕ್ಕೆ ಅವುಗಳಿಂದ ಏನೂ ಆಗಲ್ಲ. ಅಂದರೆ ಕೆಳಗಿನ ಡೆಕ್, ಉದ್ದದ ನಡುಭಾಗ. ಮೇಲಿನ ಡೆಕ್‌ನ ಮೂತಿ ಕಡೆಯ ಸೂಟ್‌ಗಿಂತ ಕೆಳಗಿನ ನಡು ಕ್ಯಾಬಿನ್ ನಿಮ್ಮ ಮನೆಯವರಿಗೆ ವಾಸಿ.

ಕೊನೇ ಗಳಿಗೆ ಬುಕಿಂಗಿನ ತೊಂದರೆ ಅಂದ್ರೆ ‘ಕ್ಯಾಬಿನ್ ನಂಬರ್ ಆಮೇಲೆ ಕೊಡ್ತೀವಿ’ ಅಂತಾರೆ. ಅದು ಅಗ್ಗ, ಆದರೆ ಉಳಿದದ್ದು ನಿಮ್ಮ ಪಾಲಿಗೆ. ನಿಮ್ಮ ಕೇಸಲ್ಲಿ ಸ್ವಲ್ಪ ಹೆಚ್ಚು ಕೊಟ್ಟಾದರೂ ನಂಬರ್ ಆರಿಸಿಕೊಳ್ಳಿ. ಡೆಕ್ ಪ್ಲಾನ್ ತೆರೆದು ಆ ಕ್ಯಾಬಿನ್ನಿನ ಮೇಲೂ ಕೆಳಗೂ ಏನಿದೆ ನೋಡಿ. ಎರಡೂ ಕಡೆ ಕ್ಯಾಬಿನ್‌ಗಳೇ ಇದ್ದರೆ ನಿದ್ದೆ ಬರುತ್ತೆ. ಮೇಲೆ ಈಜುಕೊಳದ ಡೆಕ್ ಇದ್ದರೆ ನಸುಕಿಗೇ ಕುರ್ಚಿ ಎಳೆಯೋ ಸದ್ದು, ಕೆಳಗೆ ಡಿಸ್ಕೋ ಇದ್ದರೆ ರಾತ್ರಿ ಎರಡರವರೆಗೂ ಧಡ್ ಧಡ್. ತೀರಾ ಮುಂದೆ ಕೆಳಗಡೆ ಲಂಗರಿನ ಸರಪಳಿ, ಬಂದರಿಗೆ ಸೇರುವಾಗ ಮೂತಿಯನ್ನು ಪಕ್ಕಕ್ಕೆ ತಳ್ಳೋ ಬೋ ಥ್ರಸ್ಟರ್ ಗುಡುಗು. ತೀರಾ ಹಿಂದೆ ಎಂಜಿನ್ ಕಂಪನ, ಟೇಬಲ್ ಮೇಲಿನ ಲೋಟ ತಾನಾಗೇ ಸರಿಯುತ್ತೆ.

ಕಿಟಕಿಯ ಕ್ಯಾಬಿನ್ ತಗೊಳ್ಳೋದಾದ್ರೆ ಬದಿ ನೋಡಿ. ದಕ್ಷಿಣಕ್ಕೆ ಹೋಗುವಾಗ ಕೊಂಕಣದ ತೀರ ಎಡಕ್ಕೆ, ಸೂರ್ಯಾಸ್ತ ಬಲಕ್ಕೆ, ಬರುವಾಗ ತಿರುವುಮುರುವು. ಮುಂಬೈ ಬಿಡುವ ಹೊತ್ತಲ್ಲಿ ಮಾತ್ರ ಕ್ಯಾಬಿನ್‌ನಲ್ಲಿ ಕೂರಬೇಡಿ, ತೆರೆದ ಡೆಕ್‌ಗೆ ಹೋಗಿ. ಬಲಕ್ಕೆ ಕೊಲಾಬಾದ ತುದಿಯ ಪ್ರಾಂಗ್ಸ್ ದೀಪಸ್ತಂಭ, ಆಮೇಲೆ ಎಡಕ್ಕೆ ಖಾಂದೇರಿ ಕೋಟೆ ಇರುವ ದ್ವೀಪ. ಬೆಳಕಿದ್ದರೆ ಎರಡೂ ಕಾಣುತ್ತೆ.

ವಾಸ್ಕೋ ನಾಯ್ಕ

ಗೋವಾದಲ್ಲಿ ‘ಒಂದು ದಿನ’ ಅಂತ ಬರೆದಿರುತ್ತಾರೆ, ಲೆಕ್ಕ ಹಾಕಿ ನೋಡಿ. ಮುಂಬೈಯಿಂದ ಮುರಗಾಂವ್ ಬಂದರಿಗೆ ಸಮುದ್ರದಲ್ಲಿ ಸುಮಾರು 230 ನಾಟಿಕಲ್ ಮೈಲಿ. ವೇಗ 15 ನಾಟ್, ಅಂದರೆ ಗಂಟೆಗೆ 15 ನಾಟಿಕಲ್ ಮೈಲಿ ಹಿಡಿದರೆ ಸುಮಾರು ಹದಿನೈದೂವರೆ ಗಂಟೆ. ಸಂಜೆ ಆರಕ್ಕೆ ಬಿಟ್ಟರೆ ಬೆಳಗ್ಗೆ ಹತ್ತರ ಹತ್ತಿರ. ಇಳಿಯುವ ಸಾಲು ಮುಗಿಯುವಾಗ ಹನ್ನೊಂದು ದಾಟಿರುತ್ತದೆ. ಹೊರಡುವುದಕ್ಕೆ ಒಂದು ಗಂಟೆಯಾದರೂ ಮೊದಲು ಹಡಗಿನಲ್ಲಿ ಇರಬೇಕು. ಕೈಗೆ ಸಿಗುವುದು ನಾಲ್ಕು, ಹೆಚ್ಚೆಂದರೆ ಐದು ಗಂಟೆ.

ಹಡಗು ನಿಲ್ಲುವುದು ವಾಸ್ಕೋದ ಪಕ್ಕ, ಪಣಜಿಯಲ್ಲಿ ಅಲ್ಲ. ಪಣಜಿ 30 ಕಿ.ಮೀ. ಆಸುಪಾಸು, ಬಾಗಾ, ಕಲಂಗುಟ್ ಇನ್ನೂ ಆಚೆ. ಈ ಅವಧಿಯಲ್ಲಿ ಉತ್ತರ ಗೋವಾದ ಬೀಚಿಗೆ ಹೋಗುವುದು ಟ್ಯಾಕ್ಸಿಯವನಿಗೆ ಮಾತ್ರ ಲಾಭ. ಬೊಗ್ಮಾಳೋ ಬೀಚ್ ಹತ್ತಿರ, ಅದೇ ದಾರಿಯಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಂ ಇದೆ. ಎರಡನ್ನೂ ನೋಡಿ, ವಾಸ್ಕೋ ಪೇಟೆಯಲ್ಲಿ ಮೀನೂಟ ಮುಗಿಸಿ ನಿಧಾನವಾಗಿ ಹಿಂದಿರುಗಬಹುದು. ಇಲ್ಲಿ ಓಲಾ, ಊಬರ್ ಇಲ್ಲ. ಗೋವಾಮೈಲ್ಸ್ ಆ್ಯಪ್ ಮೊದಲೇ ಹಾಕಿಕೊಳ್ಳಿ, ಇಲ್ಲದಿದ್ದರೆ ಹೋಗಿ ಬರುವುದು, ಕಾಯುವುದು ಎಲ್ಲ ಸೇರಿಸಿ ದರ ಮಾತಾಡಿಯೇ ಕುಳಿತುಕೊಳ್ಳಿ. ಬಂದರಿನ ಗೇಟಿನಲ್ಲಿ ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್ ಇದೆ, ಒಳಗೆ ಬರಲು ಬೋರ್ಡಿಂಗ್ ಕಾರ್ಡು, ಐಡಿ ಎರಡೂ ಬೇಕು.

ನನ್ನ ಅಭಿಪ್ರಾಯ ಕೇಳಿದರೆ ಒಂದೇ ಕಡೆಯ ಟಿಕೆಟ್ ಸಿಗುತ್ತದಾ ನೋಡಿ. ಶನಿವಾರ ಇಲ್ಲೇ ಇಳಿದು, ರಾತ್ರಿ ಇದ್ದು, ಭಾನುವಾರ ಮಧ್ಯಾಹ್ನ ವಾಸ್ಕೋದಿಂದ ಗೋವಾ ಎಕ್ಸ್‌ಪ್ರೆಸ್ ಹಿಡಿಯಿರಿ. ಲೋಂಡಾ, ಬೆಳಗಾವಿ, ಮೀರಜ್ ಮೇಲೆ ಹಾದು ಸೋಮವಾರ ನಸುಕಿಗೆ ನೇರ ಪುಣೆ. ಮುಂಬೈಗೆ ಮರಳಿ ಮತ್ತೆ ಘಾಟಿ ಹತ್ತುವ ಕೆಲಸವೇ ಇಲ್ಲ. ಆದರೆ ಹೋಗಿಬರುವ ಟಿಕೆಟ್ ತೆಗೆದುಕೊಂಡು ಹೇಳದೆ ಕೇಳದೆ ಗೋವಾದಲ್ಲಿ ಉಳಿಯಬೇಡಿ. ತಲೆ ಲೆಕ್ಕ ತಾಳೆಯಾಗದಿದ್ದರೆ ಹಡಗಿನವರು ಹುಡುಕಾಟ ಶುರುಮಾಡುತ್ತಾರೆ.

ವಾಕಡ್‌ವಾಸಿ

ತುಂಬಾ ಥ್ಯಾಂಕ್ಸ್. ಒಂದೇ ಕಡೆಯದು ಆ ದಿನಕ್ಕೆ ತೋರಿಸ್ತಿಲ್ಲ, ಹೋಗಿಬರೋದೇ ಗತಿ. ಐದನೇ ಡೆಕ್‌ನ ಕೆಳಗೆ, ನಡುಭಾಗದಲ್ಲಿ ಕಿಟಕಿ ಇರೋ ಕ್ಯಾಬಿನ್ ನಂಬರ್ ಸಮೇತ ಸಿಗ್ತಿದೆ. ವಾಂತಿಗೆ ಮಾತ್ರೆ ಯಾವುದು, ಯಾವಾಗ? ಪುಣೆಯಿಂದ ಹೋಗೋದನ್ನ ಯಾರಾದ್ರೂ ಹೇಳಿ.

ಕೊತ್ರೂಡ ಪಾಟೀಲ

ಗುರುವಾರ ಹೋಗಿ ಲಾಜ್ ಮಾಡೂದು ಬ್ಯಾಡ್ರಿ, ಸುಮ್ನ ಖರ್ಚು. ಶುಕ್ರವಾರ ಮುಂಜಾನೆ 7.15ಕ್ಕ ಡೆಕ್ಕನ್ ಕ್ವೀನ್ ಪುಣೆ ಬಿಡ್ತದ, 10.25ಕ್ಕ ಮುಂಬೈದ ದೊಡ್ಡ ರೈಲ್ವೆ ಸ್ಟೇಷನ್ ಸಿಎಸ್‌ಎಂಟಿ. ಸೀಟ್ ಇರಲಿಲ್ಲಂದ್ರ ಗುರುವಾರ ಮುಂಜಾನೆ 10ಕ್ಕ ಎಸಿ ಚೇರ್ ಕಾರಿನ ತತ್ಕಾಲ್ ತೆರೀತದ. ಜುಲೈ 2025ರಿಂದ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಣಿ ಆಗಿರಲಿಲ್ಲಂದ್ರ ತತ್ಕಾಲ್ ಕೊಡಂಗಿಲ್ಲ. ಇವತ್ತ ರಾತ್ರಿನ ಅದನ್ನ ಮಾಡಿ ಇಡ್ರಿ, ಗುರುವಾರ ಹತ್ತಕ್ಕ ಕುಂತು ಓಟಿಪಿ ಕಾಯಬ್ಯಾಡ್ರಿ.

ಸಿಎಸ್‌ಎಂಟಿಯಿಂದ ಹಡಗು ಹತ್ತೂ ಜಾಗ ಬಲ್ಲಾರ್ಡ್ ಪಿಯರ್ ಎರಡು ಕಿಲೋಮೀಟರ್ ಒಳಗ. ಅಲ್ಲೆ ಆಟೋ ಇಲ್ರಿ, ದಕ್ಷಿಣ ಮುಂಬೈದಾಗ ಆಟೋ ಬಿಡಂಗಿಲ್ಲ. ಕಾಳಿ-ಪೀಳಿ ಟ್ಯಾಕ್ಸಿ ಹಿಡೀರಿ, ಕನಿಷ್ಠ ಮೀಟರ್ 31 ರೂಪಾಯಿ. ‘ಗ್ರೀನ್ ಗೇಟ್, ಕ್ರೂಸ್ ಟರ್ಮಿನಲ್’ ಅಂತ ಹೇಳ್ರಿ. ಬರೇ ‘ಡಾಕ್’ ಅಂದ್ರ ಭಾವುಚಾ ಧಕ್ಕಾಕ್ಕ ಒಯ್ದು ಬಿಡ್ತಾನ, ಅದು ಮಾಂಡ್ವಾಕ್ಕ ಗಾಡಿ, ಮಂದಿ ಒಯ್ಯೂ ರೋ-ರೋ ಹಡಗು ಹೊಂಡೂ ಜಾಗ.

ಕಾರ್ ತರಬ್ಯಾಡ್ರಿ. ಎರಡು ರಾತ್ರಿ ಪಾರ್ಕಿಂಗ್ ಹುಡುಕೂದ ಒಂದು ಉದ್ಯೋಗ ಆಗ್ತದ. ಭಾನುವಾರ ಬರೂಮುಂದ ಲೋಕಲ್ ನಂಬಬ್ಯಾಡ್ರಿ, ಹಳಿ ದುರಸ್ತಿಗೆ ಗಾಡಿ ನಿಲ್ಲಿಸೂ ಮೆಗಾ ಬ್ಲಾಕ್ ಇರ್ತದ. ಟ್ಯಾಕ್ಸಿಯಿಂದ ದಾದರ್, ಅಲ್ಲಿಂದ ಶಿವನೇರಿ ಬಸ್ಸು. ಟ್ರೈನೇ ಬೇಕಂದ್ರ ಸಂಜಿ 5.10ಕ್ಕ ಡೆಕ್ಕನ್ ಕ್ವೀನ್ ಅದ, ಆದ್ರ ಅಲ್ಲಿತನಕಾ ಬ್ಯಾಗ್ ಹೊತ್ಕೊಂಡು ಏನ್ ಮಾಡ್ತೀರಿ.

ಔಷಧದಂಗಡಿ

ವಾಂತಿ ಶುರುವಾದ ಮೇಲೆ ಮಾತ್ರೆ ನುಂಗಿದರೆ ಅದೂ ಹೊರಗೆ ಬರುತ್ತದೆ, ಆದ್ದರಿಂದ ಮುಂಚೆ. ಸಾಮಾನ್ಯವಾಗಿ ಕೊಡುವುದು ಅವೊಮಿನ್, 25 ಮಿ.ಗ್ರಾಂ. ಹಡಗು ಬಿಡುವ ಒಂದೆರಡು ಗಂಟೆ ಮೊದಲು ಒಂದು. ಇದರಿಂದ ನಿದ್ದೆ ತೂಗುತ್ತದೆ, ಅದರ ಜೊತೆ ಮದ್ಯ ಬೇಡವೇ ಬೇಡ. ಗರ್ಭಿಣಿಯರು, ಗ್ಲಾಕೋಮಾ ಇರುವವರು, ಬೇರೆ ಮಾತ್ರೆ ದಿನಾ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಗರ್ಭಿಣಿಯಾಗಿದ್ದರೆ 24 ವಾರ ದಾಟಿದವರನ್ನು ಕ್ರೂಸ್‌ನವರು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ.

ಹೊಟ್ಟೆ ಖಾಲಿ ಬಿಡಬೇಡಿ, ಬಿರಿಯುವಷ್ಟು ತಿನ್ನಲೂಬೇಡಿ. ಬಫೆಯಲ್ಲಿ ಎರಡನೆಯದೇ ಹೆಚ್ಚು ಆಗುವುದು. ತಲೆ ತಿರುಗತೊಡಗಿದರೆ ಮೊಬೈಲ್ ಕೆಳಗಿಟ್ಟು ಡೆಕ್‌ಗೆ ಹೋಗಿ ದಿಗಂತ ನೋಡುತ್ತಾ ನಿಲ್ಲಿ. ಒಳಕಿವಿಗೆ ಓಲಾಟ ತಿಳಿಯುತ್ತಿದ್ದು ಕಣ್ಣಿಗೆ ಕಾಣದಿದ್ದಾಗಲೇ ಹೊಟ್ಟೆ ತೊಳೆಸುವುದು. ಕ್ಯಾಬಿನ್‌ನಲ್ಲಿ ಕಣ್ಣು ಮುಚ್ಚಿ ಮಲಗಿದರೂ ಆದೀತು, ಪುಸ್ತಕ ಓದುವುದು ಬೇಡ.

ಹಡಗಿನ ಮೆಕ್ಯಾನಿಕ್

ಆ ಕ್ಯಾಬಿನ್ ಚೆನ್ನಾಗಿದೆ, ತಗೊಳ್ಳಿ. ಇನ್ನು ಸಾಮಾನು. ವೆಬ್ ಚೆಕ್-ಇನ್ ಮನೆಯಲ್ಲೇ ಮುಗಿಸಿ ಪ್ರಿಂಟ್ ಇಟ್ಟುಕೊಳ್ಳಿ. ಹೊರಡುವ ಸಮಯಕ್ಕಿಂತ ಗಂಟೆಗಟ್ಟಲೆ ಮುಂಚೆ ಬೋರ್ಡಿಂಗ್ ಮುಚ್ಚುತ್ತಾರೆ, ಪ್ರಯಾಣಿಕರ ಪಟ್ಟಿ ಬಂದರಿನವರಿಗೆ ಕೊಟ್ಟ ಮೇಲೆಯೇ ಹಡಗು ಬಿಡೋದು. ದೊಡ್ಡ ಬ್ಯಾಗನ್ನು ಟರ್ಮಿನಲ್‌ನಲ್ಲೇ ಟ್ಯಾಗ್ ಹಾಕಿ ತಗೊಳ್ತಾರೆ, ಕ್ಯಾಬಿನ್ ಬಾಗಿಲಿಗೆ ಬರೋದು ಸಂಜೆಗೆ. ಮಾತ್ರೆ, ಐಡಿ, ಚಾರ್ಜರ್, ಈಜುಡುಗೆ ಕೈಚೀಲದಲ್ಲಿರಲಿ.

ಎಕ್ಸ್‌ಟೆನ್ಷನ್ ಬೋರ್ಡ್, ಇಸ್ತ್ರಿಪೆಟ್ಟಿಗೆ, ಕೆಟಲ್ ಸ್ಕ್ಯಾನರ್‌ನಲ್ಲೇ ಸಿಕ್ಕಿಬೀಳುತ್ತೆ. ಸರ್ಜ್ ಪ್ರೊಟೆಕ್ಟರ್ ಇರೋ ಬೋರ್ಡ್ ಯಾಕೆ ಬೇಡ ಅಂದ್ರೆ ಹಡಗಿನ ವೈರಿಂಗ್‌ನಲ್ಲಿ ಮನೆಯ ಹಾಗೆ ನ್ಯೂಟ್ರಲ್ ಅನ್ನು ಅರ್ಥ್‌ಗೆ ಕಟ್ಟಿರಲ್ಲ, ಅದು ಬಿಸಿಯಾಗಿ ಬೆಂಕಿ ಹತ್ತಬಹುದು. ಹಳೇ ಹಡಗುಗಳಲ್ಲಿ ಚಪ್ಪಟೆ ಪಿನ್ನಿನ 110 ವೋಲ್ಟ್ ಅಮೆರಿಕನ್ ಸಾಕೆಟ್ ಇರುತ್ತೆ, ಒಂದು ಸಾದಾ ಅಡಾಪ್ಟರ್ ಇಟ್ಟುಕೊಳ್ಳಿ. ಮೊಬೈಲ್ ಚಾರ್ಜರ್ ಮೇಲೆ 100–240 ಅಂತ ಬರೆದಿದ್ರೆ ನಡೆಯುತ್ತೆ. ಗೋಡೆ ಲೋಹದ್ದು, ನಾಲ್ಕು ಮ್ಯಾಗ್ನೆಟ್ ಕೊಕ್ಕೆ ತಂದರೆ ಒದ್ದೆ ಬಟ್ಟೆಗೆ ಜಾಗ ಆಯ್ತು.

ಹತ್ತಿದ ಕೂಡಲೇ ಬಾರ್ ಹುಡುಕಬೇಡಿ, ಮಸ್ಟರ್ ಡ್ರಿಲ್ ಇದೆ, ಅಂದರೆ ಅಪಾಯ ಬಂದರೆ ಎಲ್ಲಿ ಸೇರಬೇಕು ಅನ್ನೋದರ ಅಭ್ಯಾಸ. 2012ರ ಕೋಸ್ಟಾ ಕಾನ್ಕಾರ್ಡಿಯಾ ದುರಂತದ ನಂತರ ನಿಯಮ ಬಿಗಿಯಾಗಿ, 2015ರಿಂದ ಹಡಗು ಬಿಡೋ ಮುಂಚೆ ಅಥವಾ ಬಿಟ್ಟ ಕೂಡಲೇ ಇದು ಕಡ್ಡಾಯ. ಏಳು ಚಿಕ್ಕ ಸೈರನ್, ಒಂದು ಉದ್ದದ್ದು. ನಿಮ್ಮ ಜಾಗ ಯಾವುದು ಅಂತ ಕ್ಯಾಬಿನ್ ಬಾಗಿಲ ಹಿಂದೆ ಬರೆದಿರುತ್ತೆ.

ಕೊನೆಯದು ಫೋನ್. ದಡದಿಂದ ದೂರ ಸರಿದಂತೆ ನಮ್ಮ ನೆಟ್‌ವರ್ಕ್ ಹೋಗುತ್ತೆ, ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಇದ್ದರೆ ಫೋನ್ ತಾನಾಗೇ ಅದನ್ನು ಹಿಡಿಯುತ್ತೆ. ಅದಕ್ಕೆ ಸಾಮಾನ್ಯ ರೋಮಿಂಗ್ ಪ್ಯಾಕ್ ಅನ್ವಯ ಆಗಲ್ಲ, ಹಿಂದೆ ಓಡೋ ವಾಟ್ಸಾಪ್ ಬ್ಯಾಕಪ್ ಒಂದೇ ಸಾಕು ಬಿಲ್ ಏರಿಸೋಕೆ. ಹಗ್ಗ ಬಿಚ್ಚಿದ ಮೇಲೆ ಏರೋಪ್ಲೇನ್ ಮೋಡ್ ಹಾಕಿ. ಆಫೀಸಿನವರಿಗೆ ಶನಿವಾರ ಮಧ್ಯಾಹ್ನ ವಾಸ್ಕೋದಲ್ಲಿ ಸಿಗ್ತೀನಿ ಅಂತ ಮೊದಲೇ ಹೇಳಿಬಿಡಿ.