ತೋಡಿನ ಕಿಂಡಿಗೆ ಹಲಗೆ: ಬಾವಿ ಉಪ್ಪಾದವರು ಓದಿ

ತೋಡಿನ ಬದಿ ಮನೆ: ನಮ್ಮ ಬಾವಿ ಈ ಸಲ ಫೆಬ್ರವರಿಯಲ್ಲೇ ಉಪ್ಪಾಯಿತು. ಗಂಜಿಯಲ್ಲೂ ಗೊತ್ತಾಗ್ತದೆ. ಉದ್ಯಾವರ ಹೊಳೆಗೆ ಸೇರುವ ನಮ್ಮ ತೋಡಿನಲ್ಲಿ ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕದೆ ಎಷ್ಟು ವರ್ಷ ಆಯ್ತು? ಮಾಸ್ಟ್ರೇ, ನಿಮಗೆ ಗೊತ್ತುಂಟಾ?

ನಿವೃತ್ತ ಮಾಸ್ಟ್ರು: ವರ್ಷ ಲೆಕ್ಕ ಇಟ್ಟಿಲ್ಲ ಅಕ್ಕ. ನಾನು ಸಣ್ಣವನಿರುವಾಗ ಅಲ್ಲಿ ಮಣ್ಣಿನ ಕಟ್ಟ ಇತ್ತು. ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿದ ಮೇಲೆ ಬಯಲಿನವರು ಮನೆಗೊಂದು ಆಳು ಸೇರಿ, ಅಡಿಕೆ ಮರದ ಗೂಟ ಹೊಡೆದು, ಮಡಲು, ಬೈಹುಲ್ಲು, ಆವೆಮಣ್ಣು ತುಂಬಿ ಕಟ್ತಿದ್ರು. ಮೊದಲ ದೊಡ್ಡ ಮಳೆಗೆ ಅದು ಕೊಚ್ಚಿ ಹೋಗ್ತಿತ್ತು, ಹೋಗ್ಲೇಬೇಕು ಸಹ. ಆ ನೀರಲ್ಲೇ ಸುಗ್ಗಿ, ಬೇಸಿಗೆಯ ಕೊಳಕೆ, ಎರಡೂ ಭತ್ತದ ಬೆಳೆ. ಆಮೇಲೆ ಸಿಮೆಂಟಿನ ಕಂಬ ಬಂತು. ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬುವುದು. ಕೊಳಕೆ ನಿಂತಿತು, ಹಲಗೆ ಕೇಳುವವರು ಇಲ್ಲವಾದ್ರು. ಗದ್ದೆ ಸೈಟಾಯಿತು. ನಾವೆಲ್ಲ ಮನೆ ಕಟ್ಟಿದ್ದು ಅದೇ ಗದ್ದೆಯಲ್ಲಿ.

ಎರಡನೇ ಅಡ್ಡರಸ್ತೆ: ಬಜೆ ಅಣೆಕಟ್ಟಿನಿಂದ ನಳ್ಳಿ ನೀರು ಬರ್ತದಲ್ಲ, ಇದಕ್ಕೆ ಖರ್ಚು ಯಾಕೆ?

ತೋಡಿನ ಬದಿ ಮನೆ: 2019ರ ಮೇ ತಿಂಗಳು ಮರೆತ್ರಾ ಅಣ್ಣ? ಬಜೆಯಲ್ಲೇ ನೀರಿರಲಿಲ್ಲ. ಆಗ ಕೈಹಿಡಿದದ್ದು ಬಾವಿ.

ಎಂಜಿನಿಯರ್ ಮನೆ: ಸಿಹಿನೀರು ಹಗುರ, ನೆಲದೊಳಗೆ ಉಪ್ಪುನೀರಿನ ಮೇಲೆ ತೇಲಿಕೊಂಡಿರ್ತದೆ. ಅಂತರ್ಜಲ ಸಮುದ್ರಮಟ್ಟಕ್ಕಿಂತ 1 ಅಡಿ ಮೇಲಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿ ನಿಲ್ತದೆ ಅಂತ ಲೆಕ್ಕ. ಕಿಂಡಿ ತೆರೆದಿದ್ದರೆ ಆ ಒಂದಡಿಯೂ ಹರಿದು ಹೋಗ್ತದೆ, ದಿನಕ್ಕೆ ಎರಡು ಸಲ ಭರತದ ನೀರು ಒಳಗೆ ಬರ್ತದೆ. ಆದರೆ ಈಗ ಅವಸರ ಮಾಡ್ಬೇಡಿ. ತೋಡಿನಲ್ಲಿ ಹರಿವಿಲ್ಲ. ಈಗ ಮುಚ್ಚಿದರೆ ಉಪ್ಪುನೀರೇ ಒಳಗೆ ಉಳೀತದೆ. ನವೆಂಬರ್ ಕೊನೆಗೆ, ಹರಿವು ಇರುವಾಗಲೇ ಹಾಕಬೇಕು.

ತಗ್ಗಿನ ಮನೆ: ಹಾಕುವುದಕ್ಕೆ ನನ್ನ ಒಪ್ಪಿಗೆ ಉಂಟು. ತೆಗೆಯುವುದು ಯಾರು? ಮಳೆಗಾಲದಲ್ಲಿ ಒಂದು ಹಲಗೆ ಉಳಿದರೂ ನೆರೆ ಮೊದಲು ನನ್ನ ಅಂಗಳಕ್ಕೆ. ಅಮ್ಮ ಹಾಸಿಗೆ ಹಿಡಿದಿದ್ದಾರೆ.

ನಿವೃತ್ತ ಮಾಸ್ಟ್ರು: ನ್ಯಾಯವಾದ ಮಾತು ತಮ್ಮಾ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೊದಲೇ ಹಲಗೆ ಮೇಲೆ ಬರಬೇಕು. ಮಳೆ ಬೇಗ ಬಂದರೆ ಅವತ್ತೇ. ನಾಲ್ಕು ಮನೆಯವರ ಹೆಸರು ಈಗಲೇ ಬರೆದಿಡುವ, ನಿನ್ನದೂ ಸೇರಿಸಿ.

ತಗ್ಗಿನ ಮನೆ: ಆಯ್ತು ಮಾಸ್ಟ್ರೇ. ಬರೀರಿ.

ತೋಡಿನ ಬದಿ ಮನೆ: ಆದಿತ್ಯವಾರ ಇಳಿತದ ಹೊತ್ತಿಗೆ ಕಿಂಡಿ ಅಳೆಯುವ. ಫೈಬರ್ ಹಲಗೆಗೆ ಅರ್ಜಿ ಹಾಕ್ಲಿಕ್ಕೆ ಅಗಲ, ಎತ್ತರ ಬೇಕು. ಟೇಪು ನಾನು ತರ್ತೇನೆ. ಕಂಬದ ಬುಡದ ಕೆಸರು ತೆಗೀಲಿಕ್ಕೆ ಎರಡು ಹಾರೆ ಯಾರಾದ್ರೂ ತನ್ನಿ.