ಪದಚರ್ಚೆ: ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್ – ಪಾಠದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಓದಿ ಬಿಸಿಎ, ಡಿಪ್ಲೊಮಾ ಸೇರಿದ ಮಕ್ಕಳಿಗಾಗಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಟಿಪ್ಪಣಿ ಬರೆಯುತ್ತಿದ್ದೇನೆ. ಲೂಪ್, ಫಂಕ್ಷನ್, ಲಿಸ್ಟ್ ತನಕ ಏನೂ ತೊಂದರೆ ಬರಲಿಲ್ಲ. ಆ ಪದಗಳನ್ನು ಹಾಗೇ ಇಟ್ಟುಕೊಂಡೆ, ಮಕ್ಕಳೂ ಹಾಗೇ ಆಡುತ್ತಾರೆ. ತೊಡಕು ಬಂದಿದ್ದು ಕ್ಲಾಸ್, ಆಬ್ಜೆಕ್ಟ್ ಹತ್ತಿರ. ಒಂದು ಬಗೆಯ ಸಂಗತಿಯಲ್ಲಿ ಏನೇನು ಇರಬೇಕು, ಅದು ಏನೇನು ಮಾಡಬೇಕು ಎಂಬ ವಿವರ ಕ್ಲಾಸ್; ಆ ವಿವರದಂತೆ ಪ್ರೋಗ್ರಾಮಿನಲ್ಲಿ ಮಾಡಿಕೊಂಡ ಒಂದೊಂದೂ ಆಬ್ಜೆಕ್ಟ್. ಇಲ್ಲಿ ಇಂಗ್ಲಿಷ್ ಪದವನ್ನೇ ಇಟ್ಟುಕೊಂಡರೂ ಅದರ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಲೇಬೇಕು. ಹೇಳಲು ಹೋದರೆ ಕೈಗೆ ಸಿಗುವ ಕನ್ನಡ ಪದಗಳಿಗೆಲ್ಲ ಆಗಲೇ ಬೇರೆ ಕೆಲಸ ಇದೆ.

ಮೊದಲು ಇಡೀ ಪದ್ಧತಿಯ ಹೆಸರನ್ನೇ ತೆಗೆದುಕೊಳ್ಳಿ. ಆಬ್ಜೆಕ್ಟುಗಳನ್ನು ಇಟ್ಟುಕೊಂಡು ಪ್ರೋಗ್ರಾಮ್ ಬರೆಯುವ ಆಬ್ಜೆಕ್ಟ್ ಓರಿಯೆಂಟೆಡ್ ಪದ್ಧತಿಗೆ 'ವಸ್ತುನಿಷ್ಠ' ಎಂದು ಬರೆದದ್ದನ್ನು ನೋಡಿದ್ದೇನೆ. ಆದರೆ ವಸ್ತುನಿಷ್ಠ ಅಂದರೆ ನಮಗೆಲ್ಲ ಪಕ್ಷಪಾತ ಇಲ್ಲದ್ದು ಎಂದರ್ಥ. ವಸ್ತುನಿಷ್ಠ ವರದಿ, ವಸ್ತುನಿಷ್ಠ ವಿಮರ್ಶೆ. ಪರೀಕ್ಷೆ ಬರೆದ ಮಕ್ಕಳಿಗಂತೂ ವಸ್ತುನಿಷ್ಠ ಪ್ರಶ್ನೆ ಅಂದರೆ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವುದು. 'ವಸ್ತು ಆಧಾರಿತ' ಪರವಾಗಿಲ್ಲ, ಸ್ವಲ್ಪ ಸಪ್ಪೆ, ಅಷ್ಟೇ.

ಕ್ಲಾಸ್‌ಗೆ ವರ್ಗ ಎನ್ನುವುದು ರೂಢಿ. ಗಣಿತದಲ್ಲಿ ಐದರ ವರ್ಗ ಇಪ್ಪತ್ತೈದು. ಕಚೇರಿಯಲ್ಲಿ ವರ್ಗ ಆಯಿತು ಅಂದರೆ ಬೇರೆ ಊರಿಗೆ ಹಾಕಿದರು. ಇದನ್ನೂ ಸಹಿಸಿಕೊಳ್ಳಬಹುದು, ಸಂದರ್ಭದಿಂದ ಗೊತ್ತಾಗುತ್ತದೆ. ಆದರೆ ಸೂಪರ್‌ಕ್ಲಾಸ್, ಅದರಿಂದ ಗುಣ ಪಡೆಯುವ ಸಬ್‌ಕ್ಲಾಸ್ ಬಂದಾಗ ಮೇಲ್ವರ್ಗ, ಕೆಳವರ್ಗ ಅನ್ನಬೇಕಾಗುತ್ತದೆ. ಬೋರ್ಡಿನ ಮೇಲೆ 'ಕೆಳವರ್ಗವು ಮೇಲ್ವರ್ಗದಿಂದ ಗುಣಗಳನ್ನು ಪಡೆಯುತ್ತದೆ' ಎಂದು ನಾನಂತೂ ಬರೆಯಲಾರೆ. ಒಂದು ಯಂತ್ರಾನುವಾದದಲ್ಲಿ 'ತರಗತಿಯ ವಸ್ತು' ಎಂದು ಬಂದಿತ್ತು. ಓದಿದವರು ಬೆಂಚು, ಡಸ್ಟರ್ ಅಂದುಕೊಂಡರೆ ಅವರ ತಪ್ಪೇನೂ ಇಲ್ಲ.

ಪದ ಹುಡುಕುವ ಈ ಗೊಂದಲ ನಮ್ಮದೊಂದೇ ಅಲ್ಲ. ಈ ಪದ್ಧತಿ ಮೊದಲು ಮೂಡಿದ್ದು ಸಿಮುಲಾ ಎಂಬ ಭಾಷೆಯಲ್ಲಿ. 1960ರ ದಶಕದಲ್ಲಿ ನಾರ್ವೆಯ ಆಸ್ಲೊದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಅದನ್ನು ಕಟ್ಟಿದರು. ಮೊದಲ ಸಿಮುಲಾದಲ್ಲಿ ಇದ್ದದ್ದು ಆಕ್ಟಿವಿಟಿ ಮತ್ತು ಪ್ರಾಸೆಸ್. ಸಿಮುಲಾ 67 ಬರುವ ಹೊತ್ತಿಗೆ ಅವರೇ ಆ ಪದಗಳನ್ನು ಬಿಟ್ಟು ಕ್ಲಾಸ್, ಆಬ್ಜೆಕ್ಟ್ ಹಿಡಿದರು. ಆಬ್ಜೆಕ್ಟ್ ಓರಿಯೆಂಟೆಡ್ ಎಂಬ ಹೆಸರು ಕೊಟ್ಟ ಆಲನ್ ಕೇ ಕೂಡ 1998ರ ಒಂದು ಈಮೇಲ್‌ನಲ್ಲಿ ಆಬ್ಜೆಕ್ಟ್ ಪದ ಚಲಾವಣೆಗೆ ತಂದಿದ್ದಕ್ಕೆ ಬೇಸರ ಪಟ್ಟುಕೊಂಡಿದ್ದಾರೆ. ಆ ಪದದಿಂದ ಜನರ ಗಮನವೆಲ್ಲ ಆಬ್ಜೆಕ್ಟಿನ ಮೇಲೇ ಹೋಯಿತು, ಮುಖ್ಯವಾದದ್ದು ಅವು ಒಂದಕ್ಕೊಂದು ಕಳಿಸುವ ಸಂದೇಶ ಎಂಬುದು ಅವರ ವಾದ. ಕನ್ನಡದಲ್ಲಿ 'ವಸ್ತು' ಎಂದರೆ ಈ ತೊಂದರೆ ಇನ್ನೂ ಜಾಸ್ತಿ. ವಸ್ತು ಸುಮ್ನೆ ಬಿದ್ದಿರುತ್ತದೆ, ಯಾರೋ ಬಂದು ಎತ್ತಬೇಕು. ಪ್ರೋಗ್ರಾಮಿನ ಆಬ್ಜೆಕ್ಟ್ ಹಾಗಲ್ಲ, ಹೇಳಿದ ಕೆಲಸವನ್ನು ತಾನೇ ಮಾಡುತ್ತದೆ.

ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹೋಲಿಕೆಯನ್ನು ಬಹಳ ಜನ ಕೊಡುತ್ತಾರೆ. ಮರದ ಅಚ್ಚು ಕ್ಲಾಸ್, ಅದರಿಂದ ಬಂದ ಗಿಳಿ, ಆನೆ ಆಬ್ಜೆಕ್ಟ್. ಕೇಳಲು ಚೆನ್ನಾಗಿದೆ, ಆದರೆ ಮೈಸೂರು ಕಡೆ ಮರದ್ದನ್ನೂ ಅಚ್ಚು ಅಂತೀವಿ, ತಟ್ಟೆಯಲ್ಲಿ ಎಳ್ಳಿನ ಜೊತೆ ಬರುವ ಸಕ್ಕರೆಯದ್ದನ್ನೂ ಅಚ್ಚು ಅಂತೀವಿ. ಮಕ್ಕಳು ಯಾವ ಎರಡನ್ನು ಬೇರೆ ಮಾಡಿ ನೋಡಬೇಕೋ ಅವೆರಡಕ್ಕೂ ಒಂದೇ ಪದ! ಮೇಲಾಗಿ ಅಚ್ಚಿನಿಂದ ಬಂದದ್ದೆಲ್ಲ ಒಂದೇ ಥರ ಇರುತ್ತದೆ. ಒಂದೇ ಕ್ಲಾಸಿನ ಆಬ್ಜೆಕ್ಟುಗಳಲ್ಲಿ ಒಳಗಿನ ಬೆಲೆ ಬೇರೆ ಬೇರೆ.

ನನಗೆ ಹೊಳೆದದ್ದು ಶಾಲೆಯ ವ್ಯಾಕರಣ. ನದಿ, ಬೆಟ್ಟ, ಮನುಷ್ಯ – ರೂಢನಾಮ. ಕಾವೇರಿ, ಹಿಮಾಲಯ, ರಾಮ – ಅಂಕಿತನಾಮ. ಕನ್ನಡ ಮಾಧ್ಯಮದ ಪ್ರತಿ ಮಗುವೂ ಇದನ್ನು ಓದಿ ಬಂದಿರುತ್ತದೆ. ಕ್ಲಾಸ್ ಅಂದರೆ ರೂಢನಾಮದಂಥದ್ದು, ಆಬ್ಜೆಕ್ಟ್ ಅಂದರೆ ಅಂಕಿತನಾಮ ಇಟ್ಟು ಕರೆಯಬಹುದಾದ ಒಂದು. ಪೈಥಾನ್ ಮೂರನೇ ಆವೃತ್ತಿಯಿಂದ ಕನ್ನಡ ಅಕ್ಷರದಲ್ಲೇ ಹೆಸರು ಇಡಬಹುದು, ಹಾಗಾಗಿ ಇದನ್ನು ನೇರವಾಗಿ ಬರೆದೂ ತೋರಿಸಬಹುದು:

ಕಾವೇರಿ = ನದಿ()
ಪೊನ್ನಿ = ಕಾವೇರಿ
ಪೊನ್ನಿ.ಉದ್ದ = 800

ಈಗ ಕಾವೇರಿ.ಉದ್ದ ಎಷ್ಟು ಎಂದು ಕೇಳಿದರೆ 800 ಎಂದೇ ಬರುತ್ತದೆ. ಯಾಕೆಂದರೆ ನದಿ ಒಂದೇ, ತಮಿಳರು ಇಟ್ಟ ಹೆಸರು ಇನ್ನೊಂದು. ಹೆಸರು ಬೇರೆ, ಹೆಸರಿರುವ ಸಂಗತಿ ಬೇರೆ ಎನ್ನುವುದು ಹೊಸಬರಿಗೆ ತಲೆಗೆ ಹೋಗಲು ತುಂಬ ಹೊತ್ತು ಹಿಡಿಯುತ್ತದೆ. ಇಲ್ಲಿ ಅದು ಮೂರು ಸಾಲಲ್ಲಿ ಮುಗಿಯಿತು. ಆದರೆ ಇದೇ ಕಾರಣಕ್ಕೆ ಆಬ್ಜೆಕ್ಟನ್ನು ಅಂಕಿತನಾಮ ಎಂದು ಕರೆಯಲು ಆಗುವುದಿಲ್ಲ. ನಾಮ ಅನ್ನುವುದು ಬರೀ ಹೆಸರು. 'ಅಂಕಿತ' ಎಂದಷ್ಟೇ ಅಂದರೆ? ವಚನಕಾರರ ಅಂಕಿತ, ದಾಸರ ಅಂಕಿತ ನೆನಪಿಗೆ ಬರುತ್ತದೆ. ಅಧಿಕಾರಿಯ ಸಹಿಗೂ ಅಂಕಿತ ಅಂತೀವಿ. ಒಂದು ಕ್ಲಾಸಿನ ಆಬ್ಜೆಕ್ಟನ್ನು ಇನ್‌ಸ್ಟೆನ್ಸ್ ಎಂದೂ ಅನ್ನುತ್ತಾರೆ, ಅದಕ್ಕೆ ಈಗ ನಡೆಯುತ್ತಿರುವ 'ನಿದರ್ಶನ'ಕ್ಕಿಂತ ಇದು ಮೇಲೋ, ಅಥವಾ ಸುಮ್ನೆ ಇನ್ನೊಂದು ಗೊಂದಲವೋ, ನೀವು ಹೇಳಿ. ತರ್ಕಶಾಸ್ತ್ರದವರ ಜಾತಿ–ವ್ಯಕ್ತಿ ಜೋಡಿ ಇದಕ್ಕೆ ಅಳತೆ ತೆಗೆದು ಹೊಲಿದಂತಿದೆ, ಬಲ್ಲೆ. ಅದನ್ನು ದಯವಿಟ್ಟು ಯಾರೂ ಸೂಚಿಸಬೇಡಿ. ಪಾಠದಲ್ಲಿ 'ಇದು ಯಾವ ಜಾತಿ' ಎಂದು ಕೇಳುವ ಮೇಷ್ಟ್ರು ನಾನಾಗಲಾರೆ.

ವ್ಯಾಕರಣ ಇನ್ನೊಂದು ಕಡೆಯೂ ಕೈ ಹಿಡಿಯಿತು. ನನ್ನ ಟಿಪ್ಪಣಿಯಲ್ಲಿ ಉದಾಹರಣೆ ಸೊಸೈಟಿಯ ಖಾತೆ. ಜಮೆ, ಖರ್ಚು, ಶಿಲ್ಕು – ಹಳ್ಳಿಯ ಮಕ್ಕಳಿಗೆ ಪಾಸ್‌ಬುಕ್ಕಿನಿಂದಲೇ ಗೊತ್ತಿರುವ ಪದಗಳು. ಹಳೆಯ ಪದ್ಧತಿಯಲ್ಲಿ ಬರೆದರೆ ಜಮೆ(ಖಾತೆ, 500) ಎಂದಾಗುತ್ತದೆ, ಕ್ರಿಯಾಪದ ಮೊದಲು. ಆಬ್ಜೆಕ್ಟ್ ಪದ್ಧತಿಯಲ್ಲಿ ಖಾತೆ.ಜಮೆ(500). 'ಖಾತೆಗೆ ಜಮೆ ಮಾಡು, ಐನೂರು' ಎಂದು ಕನ್ನಡದವರು ಆಡುವ ಸಾಲಿಗೆ ಇದೇ ಹತ್ತಿರ. ಇನ್ನು ಪೈಥಾನ್‌ನ ಸೆಲ್ಫ್. ಆಬ್ಜೆಕ್ಟ್ ತನ್ನನ್ನು ತಾನು ಕರೆದುಕೊಳ್ಳುವ ಹೆಸರು ಅದು. ಜಾವಾ ಎಂಬ ಇನ್ನೊಂದು ಭಾಷೆಯಲ್ಲಿ ಇದೇ ಕೆಲಸದ ದಿಸ್ ಕಾಯ್ದಿರಿಸಿದ ಪದ, ಬದಲಿಸಲು ಬರುವುದಿಲ್ಲ. ಪೈಥಾನ್‌ನಲ್ಲಿ ಸೆಲ್ಫ್ ಬರೀ ರೂಢಿ, ಆ ಜಾಗದಲ್ಲಿ ಯಾವ ಹೆಸರು ಬರೆದರೂ ನಡೆಯುತ್ತದೆ. ನಾನು 'ತನ್ನ' ಎಂದು ಬರೆದೆ:

ತನ್ನ.ಶಿಲ್ಕು = ತನ್ನ.ಶಿಲ್ಕು + ಹಣ

ಚುಕ್ಕಿ ತೆಗೆದು ಓದಿ. ಅನುವಾದ ಮಾಡುವ ಕೆಲಸವೇ ಇಲ್ಲ, ಅದು ಆಗಲೇ ಕನ್ನಡ. ಚುಕ್ಕಿಯ ಜಾಗದಲ್ಲಿ ಷಷ್ಠಿ ವಿಭಕ್ತಿ ಕೂತಿದೆ. ಆದರೆ ಕ್ರಿಯೆ ಬಂದಾಗ ಇದು ಕೈಕೊಡುತ್ತದೆ. ತನ್ನ.ಜಮೆ(100) ಸರಿಹೋಗುವುದಿಲ್ಲ, ಅಲ್ಲಿ 'ತಾನು' ಬೇಕು. ಒಂದೇ ಹೆಸರು ಎರಡೂ ಕಡೆ ಒಗ್ಗಬೇಕಾದರೆ ತನ್ನ ಇರಲೋ ತಾನು ಇರಲೋ? ಕೆಲಸಕ್ಕೆ ಸೇರಿದ ಮೇಲೆ ಎಲ್ಲರೂ ಸೆಲ್ಫ್ ಎಂದೇ ಬರೆಯಬೇಕು, ಅದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ. ಅರ್ಥ ಹಿಡಿಸುವ ಮೊದಲ ಪಾಠದ ಮಟ್ಟಿಗೆ ಈ ಪ್ರಶ್ನೆ.

ಕನ್ನಡ ಹೆಸರು ಇಟ್ಟು ನೋಡುವವರಿಗೆ ನಡುವೆ ಒಂದು ಮಾತು. 'ಬ್ಯಾಂಕ್‌ಖಾತೆ' ಎಂದು ಕೂಡಿಸಿ ಬರೆದರೆ ಪೈಥಾನ್ ತಕರಾರು ಮಾಡುತ್ತದೆ. ಕ್ ಮತ್ತು ಖಾ ಒತ್ತಕ್ಷರ ಆಗದಂತೆ ತಡೆಯಲು ನಾವು ನಡುವೆ ಹಾಕುವ ಕಾಣದ ಅಕ್ಷರವನ್ನು ಅದು ಒಪ್ಪುವುದಿಲ್ಲ. ಬ್ಯಾಂಕ್_ಖಾತೆ ಎಂದು ಅಡಿಗೆರೆ ಹಾಕಿದರೆ ತಂಟೆ ಇಲ್ಲ.

ಈಗ ನಿಜವಾದ ತಲೆನೋವು, ಒಂದು ಕ್ಲಾಸಿನಲ್ಲಿ ಇರುವುದನ್ನೆಲ್ಲ ಇನ್ನೊಂದು ಪಡೆಯುವ ಇನ್‌ಹೆರಿಟೆನ್ಸ್. ಖಾತೆ ಎಂಬ ಕ್ಲಾಸ್ ಇದೆ. ಉಳಿತಾಯ_ಖಾತೆ(ಖಾತೆ) ಎಂದು ಬರೆದು ಹೊಸ ಕ್ಲಾಸ್ ಶುರು ಮಾಡಿದರೆ ಜಮೆ, ಖರ್ಚು, ಶಿಲ್ಕು ಎಲ್ಲ ತಾನಾಗಿ ಬರುತ್ತವೆ. ಬಡ್ಡಿಯ ಲೆಕ್ಕ ಒಂದನ್ನು ಸೇರಿಸಿದರೆ ಸಾಕು. ಇದಕ್ಕೆ ಕನ್ನಡದಲ್ಲಿ ಆನುವಂಶಿಕತೆ, ಪಿತ್ರಾರ್ಜಿತ, ಬಳುವಳಿ ಎಲ್ಲ ನೋಡಿದ್ದೇನೆ. ಪಿತ್ರಾರ್ಜಿತ ಅಂದ ಕೂಡಲೇ ಆಸ್ತಿ, ಪಾಲು, ಕೋರ್ಟು. ಅಪ್ಪನ ಜಮೀನು ಮಕ್ಕಳಿಗೆ ಹೋದರೆ ಅಪ್ಪನ ಕೈಯಲ್ಲಿ ಉಳಿಯುವುದಿಲ್ಲ, ಇಬ್ಬರಿದ್ದರೆ ಅರ್ಧರ್ಧ. ಇಲ್ಲಿ ಎಷ್ಟು ಕ್ಲಾಸುಗಳು ಪಡೆದರೂ ಮೂಲದ್ದು ಸವೆಯುವುದಿಲ್ಲ. ಆನುವಂಶಿಕತೆ ಜೀವಶಾಸ್ತ್ರದ್ದು. ಅಲ್ಲಿ ಅಪ್ಪ ಅಮ್ಮ ಇಬ್ಬರೂ ಬೇಕು, ಜಾವಾದಲ್ಲಿ ಒಂದು ಕ್ಲಾಸಿಗೆ ಒಂದೇ ಮೂಲ ಕ್ಲಾಸ್. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮಗ ಅಪ್ಪ ಅಲ್ಲ. ಆದರೆ ಉಳಿತಾಯ ಖಾತೆ ಖಾತೆಯೇ. ವಂಶದ ಯಾವ ಪದ ತಂದರೂ ಈ ಮುಖ್ಯ ಸಂಬಂಧ ಕೈಬಿಟ್ಟುಹೋಗುತ್ತದೆ.

ಜಾವಾದಲ್ಲಿ ಇದಕ್ಕೆ ಬರೆಯುವ ಪದ ಎಕ್ಸ್‌ಟೆಂಡ್ಸ್. ಅಂದರೆ ವಿಸ್ತರಿಸುತ್ತದೆ. ನನಗೆ ಇದೇ ಹಿಡಿಸುತ್ತದೆ: ಉಳಿತಾಯ ಖಾತೆ ಎನ್ನುವುದು ಖಾತೆಯ ವಿಸ್ತರಣೆ. ಸೂಪರ್, ಸಬ್ ಜಾಗಕ್ಕೆ ಮೂಲ ಮತ್ತು ಸಾಧಿತ ಎಂದರೆ ಹೇಗೆ? ಮೂಲಧಾತು, ಸಾಧಿತ ಧಾತು ವ್ಯಾಕರಣದಲ್ಲಿ ಇವೆ. ಸಿ ಪ್ಲಸ್ ಪ್ಲಸ್ ಭಾಷೆಯೂ ಬೇಸ್, ಡಿರೈವ್ಡ್ ಎನ್ನುತ್ತದೆ, ಅದಕ್ಕೂ ಸರಿಹೊಂದುತ್ತದೆ. ಮೇಲು ಕೀಳಿನ ರಗಳೆಯೂ ತಪ್ಪುತ್ತದೆ.

ಎಲ್ಲಿ ವಿಸ್ತರಿಸಬೇಕು, ಎಲ್ಲಿ ಬೇಡ ಎನ್ನುವುದಕ್ಕೂ ಕನ್ನಡದ ವಿಭಕ್ತಿಯಲ್ಲೇ ಒಂದು ಪರೀಕ್ಷೆ ಸಿಕ್ಕಿತು. 'ಉಳಿತಾಯ ಖಾತೆ ಒಂದು ಖಾತೆ' – ವಾಕ್ಯ ಸರಿ ಇದೆ, ವಿಸ್ತರಿಸಿ. 'ಸದಸ್ಯ ಒಂದು ಖಾತೆ' – ಅಸಂಬದ್ಧ. 'ಸದಸ್ಯನಿಗೆ ಖಾತೆ ಇದೆ' ಎನ್ನಬೇಕು. ಚತುರ್ಥಿಯ 'ಗೆ' ಬಂತು ಅಂದರೆ ಅದು ಇನ್‌ಹೆರಿಟೆನ್ಸ್ ಅಲ್ಲ, ಒಂದರೊಳಗೆ ಇನ್ನೊಂದನ್ನು ಇಡಬೇಕು. ಎಂಜಿನಿಯರಿಂಗ್ ಮುಗಿಸಿದವರೂ ಎಡವುವ ಜಾಗ ಇದು. 'ಗೆ' ಹಚ್ಚಿ ನೋಡು ಎಂದರೆ ಪಿಯುಸಿಯವರೂ ಸರಿಯಾಗಿ ಹೇಳುತ್ತಾರೆ.

ಪಾಲಿಮಾರ್ಫಿಸಂಗೆ ಬಹುರೂಪತೆ ಎಂದು ನಡೆದುಬಂದಿದೆ, ಇರಲಿ. ಬಹುರೂಪಿ ಒಬ್ಬನೇ ಹಲವು ವೇಷ ಹಾಕುತ್ತಾನೆ, ಇಲ್ಲಿ ಒಂದೇ ಕರೆಗೆ ಬೇರೆ ಬೇರೆಯವರು ತಮ್ಮ ತಮ್ಮ ರೀತಿಯಲ್ಲಿ ಓಗೊಡುತ್ತಾರೆ. ಸ್ವಲ್ಪ ತಿರುಗಾ ಮುರುಗಾ, ಆದರೂ ಬಳಕೆಯಲ್ಲಿದೆ. ಹೊಸ ಆಬ್ಜೆಕ್ಟನ್ನು ಸಿದ್ಧ ಮಾಡುವ ಕನ್‌ಸ್ಟ್ರಕ್ಟರ್ ಪದವನ್ನು ಹಾಗೇ ಬಿಡುತ್ತೇನೆ, 'ನಿರ್ಮಾತೃ' ಅಂದರೆ ಸಿನಿಮಾಕ್ಕೆ ದುಡ್ಡು ಹಾಕಿದವನ ಹಾಗೆ ಕೇಳಿಸುತ್ತದೆ. ಓವರ್‌ಲೋಡ್ ಮತ್ತು ಓವರ್‌ರೈಡ್ ಮಾತ್ರ ಬಗೆಹರಿದಿಲ್ಲ. ಇಂಗ್ಲಿಷ್‌ನಲ್ಲಿ ಎರಡೂ ಒಂದೇ ಥರ ಕೇಳಿಸಿ ಮಕ್ಕಳು ಅದಲು ಬದಲು ಮಾಡುತ್ತಾರೆ. ಮೂಲದಲ್ಲಿದ್ದ ಕೆಲಸವನ್ನು ಸಾಧಿತ ಕ್ಲಾಸ್ ತನ್ನ ರೀತಿಯಲ್ಲಿ ಮತ್ತೆ ಬರೆಯುವುದು ಓವರ್‌ರೈಡ್, ಅದಕ್ಕೆ 'ಮರುಬರಹ' ಅನ್ನಬಹುದೇನೋ. ಒಂದೇ ಹೆಸರಲ್ಲಿ ಹಲವು ಕೆಲಸ ಇಟ್ಟುಕೊಂಡು, ಕೊಟ್ಟ ಮಾಹಿತಿ ನೋಡಿ ಆರಿಸುವುದು ಓವರ್‌ಲೋಡ್. ಅದಕ್ಕೆ ಲಾರಿಯ ನೆನಪು ಬಾರದ ಪದ ಬೇಕು.

ಆದ್ದರಿಂದ ಕೇಳುವುದು ಇಷ್ಟು: ಇನ್‌ಸ್ಟೆನ್ಸ್‌ಗೆ ಅಂಕಿತ ನಡೆದೀತೇ? ತನ್ನವೋ ತಾನೋ? ವಿಸ್ತರಣೆ ಎಂದರೆ ಇನ್‌ಹೆರಿಟೆನ್ಸ್‌ನ ಏನಾದರೂ ಅರ್ಥ ಬಿಟ್ಟುಹೋಗುತ್ತದೆಯೇ? ಓವರ್‌ಲೋಡ್‌ಗೆ ಏನು? ಪಾಠ ಮಾಡುವವರು ಯಾರಾದರೂ ಇದ್ದರೆ ನೀವು ಬೋರ್ಡಿನ ಮುಂದೆ ನಿಂತು ಆಡುವ ಮಾತನ್ನೇ ಬರೆಯಿರಿ. ನಿಘಂಟಿನದ್ದು ಬೇಡ, ನಿಘಂಟು ನನ್ನ ಹತ್ತಿರವೂ ಇದೆ.