ಚೌಕದ ಎಲ್‌ಪಿ ಕವರ್, ಅಗಲದ ಟಿವಿ: ಪಕ್ಕದ ಜಾಗಕ್ಕೆ ಏನು ಮಾಡುವುದು?

ಕದ್ರಿ, ಮಂಗಳೂರು (ಪ್ರಶ್ನೆ):
ತಂದೆಯವರು ಕೂಡಿಟ್ಟಿದ್ದ ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ಕವರ್‌ಗಳಿಗೆ ಪ್ರತಿ ಮಳೆಗಾಲವೂ ಬೂಷ್ಟು ಹಿಡಿಯುವುದನ್ನು ನೋಡಲಾರದೆ, ಹಾಡು ಕೇಳುವಾಗ ಆಯಾ ಕವರ್ ಟಿವಿಯ ಮೇಲೆ ಕಾಣುವಂತೆ ಮಾಡಲು ಹೊರಟಿದ್ದೇನೆ. ಕವರ್ ಚೌಕ, ಟಿವಿ 16:9. 1920×1080ರ ಪರದೆಯಲ್ಲಿ ಕವರನ್ನು ಪೂರ್ತಿ ಎತ್ತರಕ್ಕೆ ನಿಲ್ಲಿಸಿದರೆ ಎಡಕ್ಕೂ ಬಲಕ್ಕೂ 420 ಪಿಕ್ಸೆಲ್‌ನಷ್ಟು ಕಪ್ಪು ಪಟ್ಟಿ ಉಳಿಯುತ್ತದೆ. ಅಗಲ ತುಂಬಿಸಿದರೆ ಚಿತ್ರದ ಶೇ 44ರಷ್ಟು ಭಾಗ ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ. ಆಪ್ ಒಂದಕ್ಕೆ ಪಕ್ಕದ ಜಾಗ ತುಂಬಿಸಲು ಕೊಟ್ಟೆ. ಬೀಟಲ್ಸ್ ತಂಡದ ನಾಲ್ವರು ರಸ್ತೆ ದಾಟುವ ‘ಅಬ್ಬೆ ರೋಡ್’ ಕವರಿನಲ್ಲಿ ಅದು ಐದನೆಯವನೊಬ್ಬನನ್ನು ನಡೆಸಿತು, ಅವನಿಗೆ ಮೂರು ಕಾಲು. ಮೂಲ ಕಲಾವಿದನಿಗೆ ಅಪಚಾರವಾಗದಂತೆ ಇವನ್ನು ಅಗಲಗೊಳಿಸುವ ದಾರಿ ಇದೆಯೇ?

ಮಣಿಪಾಲ (ವಿನ್ಯಾಸದ ಕೆಲಸದವನು):
ಎಲ್ಲ ಕವರುಗಳಿಗೂ ಒಂದೇ ಮದ್ದು ಇಲ್ಲ. ಪಿಂಕ್ ಫ್ಲಾಯ್ಡ್ ತಂಡದ 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಕವರನ್ನೇ ನೋಡಿ. ಹಿಪ್ನೋಸಿಸ್ ಎಂಬ ವಿನ್ಯಾಸಕಾರರ ತಂಡದ ಕಲ್ಪನೆಗೆ ಜಾರ್ಜ್ ಹಾರ್ಡಿ ಬರೆದ ಆ ಚಿತ್ರದಲ್ಲಿ ಎಡ ಅಂಚಿನಿಂದ ಬಂದ ಬಿಳಿ ಗೆರೆ ಪಟ್ಟಕವನ್ನು ಹಾಯ್ದು ಬಣ್ಣಗಳಾಗಿ ಬಲ ಅಂಚಿನಾಚೆಗೆ ಸಾಗುತ್ತದೆ. ಕವರನ್ನು ತೆರೆದರೆ ಒಳಪುಟದಲ್ಲಿ ಅದೇ ಬಣ್ಣದ ಪಟ್ಟಿ ಹೃದಯಬಡಿತದ ಗೆರೆಯೊಂದಿಗೆ ಮುಂದುವರಿಯುತ್ತದೆ. ಅಂದರೆ ಚೌಕದಾಚೆಗೆ ಹರಿಯುವುದು ಆ ವಿನ್ಯಾಸದ ಸ್ವಭಾವದಲ್ಲೇ ಇದೆ. ಗೆರೆಗಳ ಕೋನ ಬದಲಿಸದೆ ಎರಡೂ ಕಡೆ ಎಳೆದರೆ ಸಾಕು. ಅಲ್ಲಿರುವುದು ಆರೇ ಬಣ್ಣ; ಆಪ್ ತನ್ನ ಜಾಣತನದಿಂದ ಏಳನೆಯದನ್ನು ಸೇರಿಸೀತು, ಗಮನವಿರಲಿ.

‘ಅಬ್ಬೆ ರೋಡ್’ ವಿಷಯ ಬೇರೆ. 1969ರ ಆಗಸ್ಟ್ 8ರಂದು ಇಯಾನ್ ಮ್ಯಾಕ್‌ಮಿಲನ್ ರಸ್ತೆಯ ನಡುವೆ ಏಣಿಯ ಮೇಲೆ ನಿಂತು ತೆಗೆದ ಆ ಛಾಯಾಚಿತ್ರದಲ್ಲಿ ನಾಲ್ವರ ಹೆಜ್ಜೆಗಳು ಚೌಕದ ಅಗಲವನ್ನು ಹೆಚ್ಚುಕಡಿಮೆ ತುಂಬಿವೆ. ಅಕ್ಕಪಕ್ಕದಲ್ಲಿ ಇಲ್ಲದ ಮನೆ, ಮರಗಳನ್ನು ಬೆಳೆಸಿದರೆ ಆ ಬಿಗುವು ಸಡಿಲವಾಗಿ, ರಸ್ತೆ ದಾಟುವ ನಾಲ್ವರು ದಾರಿಹೋಕರಷ್ಟೇ ಉಳಿಯುತ್ತಾರೆ. ಅಂಥ ಕವರನ್ನು ಮುಟ್ಟದೆ, ಇಡಿಯಾಗಿ ಎಡ ಅಂಚಿಗೆ ಸರಿಸಿ, ಬಲಕ್ಕೆ ಸಿಗುವ 840 ಪಿಕ್ಸೆಲ್ ಜಾಗಕ್ಕೆ ಚಿತ್ರದೊಳಗಿನದೇ ಒಂದು ಮಾಸಲು ಬಣ್ಣ ಬಳಿದು ಹಾಡುಗಳ ಹೆಸರು ಬರೆಯಿರಿ. ಮುಖಪುಟದಲ್ಲಿ ತಂಡದ ಹೆಸರಾಗಲಿ ಆಲ್ಬಮ್ಮಿನ ಹೆಸರಾಗಲಿ ಇಲ್ಲವಾದ್ದರಿಂದ ಬರೆದದ್ದು ಎರಡು ಸಲ ಬಂದಂತೆಯೂ ಆಗದು.

ಪುಸ್ತಕದಂತೆ ತೆರೆಯುವ ಕವರುಗಳಿದ್ದರೆ ಬಿಡಿಸಿ ನೋಡಿ. ಅವುಗಳ ಅಗಲ ಎತ್ತರದ ಎರಡರಷ್ಟು. ಟಿವಿಯಲ್ಲಿ ಮೇಲೆ ಕೆಳಗೆ 60 ಪಿಕ್ಸೆಲ್ ಬಿಟ್ಟರೆ ಪೂರ್ತಿ ಹಿಡಿಸುತ್ತದೆ.

ಉಡುಪಿ (ಮುದ್ರಣಾಲಯದಿಂದ ನಿವೃತ್ತ):
ವಿನ್ಯಾಸಕ್ಕೆ ಮೊದಲು ಸ್ಕ್ಯಾನಿಂಗ್ ಸರಿಯಾಗಬೇಕು. ಎಲ್‌ಪಿ ಕವರು 12 ಇಂಚಿಗಿಂತ ತುಸು ದೊಡ್ಡದಾದ್ದರಿಂದ ಎ4 ಗಾಜಿನ ಮೇಲೆ ನಾಲ್ಕು ಸಲ ಇಟ್ಟು ಜೋಡಿಸಬೇಕಾಗುತ್ತದೆ. ಬೂಷ್ಟನ್ನು ಒಣಬಟ್ಟೆಯಿಂದ, ಅದೂ ಮನೆಯ ಹೊರಗೆ ಒರೆಸಿಕೊಳ್ಳಿ. ಹಳೆಯ ಮುದ್ರಣದ ಬಣ್ಣವೆಲ್ಲ ಚುಕ್ಕಿಗಳ ಸಾಲು. ಆ ಸಾಲಿಗೂ ಸ್ಕ್ಯಾನರಿನ ಪಿಕ್ಸೆಲ್ ಸಾಲಿಗೂ ತಾಳೆಯಾಗದಿದ್ದಾಗ ಮೀನಿನ ಬಲೆ ಹಾಸಿದಂತೆ ಅಲೆಪಟ್ಟೆ ಮೂಡುತ್ತದೆ. ಮುದ್ರಣದವರು ಇದಕ್ಕೆ ಮೊಯಿರೆ ಎನ್ನುತ್ತಾರೆ. 600 ಡಿಪಿಐಯಲ್ಲಿ (ಇಂಚಿಗೆ 600 ಪಿಕ್ಸೆಲ್) ತೆಗೆದು, ಚುಕ್ಕಿ ಕರಗುವಷ್ಟು ಮಾತ್ರ ಮಸುಕುಗೊಳಿಸಿ, ಆಮೇಲೆ ಅರ್ಧಕ್ಕೆ ಇಳಿಸಿ. ಆಗಲೂ ಸುಮಾರು 3,700 ಪಿಕ್ಸೆಲ್ ಉಳಿಯುವುದರಿಂದ 4ಕೆ ಪರದೆಯ 2160ರ ಎತ್ತರಕ್ಕೂ ಕೊರತೆಯಾಗದು.

ನನ್ನ ತೊಡಕು ಯಕ್ಷಗಾನದ ಕ್ಯಾಸೆಟ್ಟುಗಳದ್ದು. ಅವುಗಳ ಚೀಟಿ ಎರಡೂವರೆ ಇಂಚು ಅಗಲ, ನಾಲ್ಕು ಇಂಚು ಎತ್ತರ. ವೇಷದ ಕಿರೀಟವೇ ಮೇಲಿನ ಅಂಚಿಗೆ ತಾಗಿರುವಾಗ ಕತ್ತರಿಸುವ ಮಾತೇ ಇಲ್ಲ. ಚೀಟಿಯನ್ನು ಬಿಚ್ಚಿ, ಬೆನ್ನಿನ ಪಟ್ಟಿಯನ್ನೂ ಒಳಮಡಿಕೆಯನ್ನೂ ಸೇರಿಸಿ ಹಾಸಿದಾಗ ಹೆಚ್ಚುಕಡಿಮೆ ಚೌಕವಾಯಿತು; ಪ್ರಸಂಗದ ಹೆಸರು, ಭಾಗವತರ ಹೆಸರು ಎಲ್ಲವೂ ಅದರಲ್ಲೇ ಬಂತು.

ಕದ್ರಿ, ಮಂಗಳೂರು:
ಇಬ್ಬರಿಗೂ ವಂದನೆಗಳು. ಪಟ್ಟಕದ ಕವರನ್ನು ಮಾತ್ರ ಅಗಲಗೊಳಿಸಿ, ಉಳಿದವನ್ನು ಎಡಕ್ಕೆ ಸರಿಸಿದೆ. ಕೆಲವು ಕವರುಗಳ ಮೂಲೆಯಲ್ಲಿ ಕೊಂಡ ತಾರೀಕನ್ನು ತಂದೆಯವರು ನೀಲಿ ಶಾಯಿಯಲ್ಲಿ ಬರೆದಿದ್ದಾರೆ. ಅದನ್ನು ಅಳಿಸಬೇಕೇ?

ಉಡುಪಿ:
ಬೂಷ್ಟಿನ ಕಲೆಯನ್ನು ಅಳಿಸಿ. ಶಾಯಿ ಇರಲಿ.